ನೇಪಾಳ, ಭೂತಾನ ಯಾತ್ರೆಗೆ ಹೊರಡುವ ಮುನ್ನ

ಕಾಶಿ, ಗಯೆ, ಪ್ರಯಾಗಗಳ ಯಾತ್ರೆಗೆ ಹೊರಟ ಹಿರಿಯರು ಅದೇ ದಾರಿಯಲ್ಲಿ ನೇಪಾಳದ ಪಶುಪತಿನಾಥ, ಮುಕ್ತಿನಾಥಗಳನ್ನೂ ಸಂದರ್ಶಿಸಿ ಬರುವುದು ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಿಂದ ಹೊರಡುವ ಕುಶೀನಗರ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ಹತ್ತಿದವರನ್ನು ಗೋರಖಪುರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ ಸಾಗಿದರೆ ಸುನೌಲಿಯ ಗಡಿ. ಪಶುಪತಿನಾಥನ ಅರ್ಚಕರಾದ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಬಹುಮಟ್ಟಿಗೆ ಕರ್ನಾಟಕದವರೇ. ಆ ಸನ್ನಿಧಿಯಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದವರಿಗೆ ತಾವು ಪರದೇಶದಲ್ಲಿರುವೆವೆಂಬ ಭಾವನೆಯೇ ಉಂಟಾಗದು. ಆದರೂ ಅದು ಪರದೇಶವೇ. ಈ ಸಂಗತಿ ಅನೇಕರಿಗೆ ಅರಿವಾಗುವುದು ವಿಮಾನ ನಿಲ್ದಾಣದ ಕಟ್ಟೆಯ ಮುಂದೆ, ಟಿಕೇಟಿನ ಹಣ ಕೈಬಿಟ್ಟು ಹೋದ ಮೇಲೆ.

1950ರ ಜುಲೈ 31ರಂದು ಭಾರತ ಮತ್ತು ನೇಪಾಳಗಳು ಸಹಿ ಹಾಕಿದ ಶಾಂತಿ ಮತ್ತು ಮೈತ್ರಿ ಒಪ್ಪಂದವು ಉಭಯ ದೇಶಗಳ ಪ್ರಜೆಗಳಿಗೆ ಪರಸ್ಪರ ಸಂಚಾರ, ವಾಸ, ವ್ಯಾಪಾರಗಳ ಸೌಲಭ್ಯವನ್ನು ನೀಡಿತು. ಆದುದರಿಂದ ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಡ. ವೀಸಾ ಬೇಡವೆಂದರೆ ಕಾಗದವೇ ಬೇಡವೆಂದು ತಿಳಿಯುವುದು ಮಾತ್ರ ತಪ್ಪು. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನದ ಅಪಹರಣವಾದ ತರುವಾಯ ವಿಮಾನಯಾತ್ರಿಗಳಿಗೆ ಗುರುತಿನ ದಾಖಲೆಯನ್ನು ಕಡ್ಡಾಯಗೊಳಿಸಲಾಯಿತು. ಸಾಮಾನ್ಯ ಪ್ರಯಾಣಿಕರ ವಿಷಯದಲ್ಲಿ ಅಂಗೀಕೃತವಾದವು ಮುಖ್ಯವಾಗಿ ಎರಡೇ: ಊರ್ಜಿತವಾದ ಪಾಸ್‌ಪೋರ್ಟು, ಇಲ್ಲವೇ ಚುನಾವಣಾ ಆಯೋಗವು ನೀಡಿದ ಭಾವಚಿತ್ರವುಳ್ಳ ಮತದಾರರ ಗುರುತಿನ ಚೀಟಿ.

ಬ್ಯಾಂಕು, ಗ್ಯಾಸು, ರೈಲು ಎಲ್ಲಕ್ಕೂ ನಡೆಯುವ ಆಧಾರ್ ಇಲ್ಲಿ ಏಕೆ ನಡೆಯದು ಎಂದು ಕೇಳುವವರಿದ್ದಾರೆ. ಆಧಾರ್ ಈ ದೇಶದಲ್ಲಿ ವಾಸಿಸುವವರಿಗೆ ಕೊಡುವ ಸಂಖ್ಯೆ. ಅದು ಪೌರತ್ವದ ಪುರಾವೆಯಲ್ಲ. ಮತದಾನದ ಹಕ್ಕಾದರೋ ಪೌರನಿಗೆ ಮಾತ್ರ. ವೀಸಾ ವಿನಾಯಿತಿಯು ಪೌರತ್ವದ ಆಧಾರದ ಮೇಲೆಯೇ ದೊರೆಯುವುದರಿಂದ ಗಡಿಯಲ್ಲಿ ಕೇಳುವುದೂ ಅದನ್ನೇ. ಇದಕ್ಕೆ ವಯಸ್ಸಿನ ಅಪವಾದವೊಂದುಂಟು. 15 ವರ್ಷಕ್ಕಿಂತ ಚಿಕ್ಕವರು ಮತ್ತು 65 ವರ್ಷ ಮೀರಿದವರು ವಯಸ್ಸನ್ನೂ ಗುರುತನ್ನೂ ತೋರಿಸುವ ಭಾವಚಿತ್ರವಿರುವ ಇತರ ದಾಖಲೆಗಳನ್ನು ಒಯ್ಯಬಹುದು. ಇವರ ಮಟ್ಟಿಗೆ ಆಧಾರ್ ಕೂಡ ಸಲ್ಲುತ್ತದೆಂದು ಕೇಂದ್ರ ಗೃಹ ಸಚಿವಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 15ರಿಂದ 18 ವರ್ಷದ ವಿದ್ಯಾರ್ಥಿಗಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರ ಸಾಕು. ಕೈಯಲ್ಲಿ ಆಧಾರ್ ಒಂದನ್ನೇ ಹಿಡಿದು ದಂಪತಿಗಳು ಹೊರಟರೆಂದು ಭಾವಿಸೋಣ: ಪತಿಗೆ 67, ಪತ್ನಿಗೆ 62. ಪತಿಯ ಕಾಗದ ಸರಿಯಾಗಿದೆ, ಪತ್ನಿಯದು ಸರಿಯಲ್ಲ. ಮನೆಯ ಯಜಮಾನರ ದಾಖಲೆಯನ್ನಷ್ಟೇ ನೋಡಿ ಟಿಕೇಟು ತೆಗೆಸುವ ಅಭ್ಯಾಸವಿರುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ವಲಸೆ ಬಂದ ಕನ್ನಡಿಗರಿಗೆ ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಸ್ವಂತ ಹೆಸರನ್ನು ಬರೆಯುವ ವಾಡಿಕೆ. ಮಹಾರಾಷ್ಟ್ರದ ಕಾಗದಪತ್ರಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳು. ಹೀಗಾಗಿ ಊರಿನ ಮತದಾರರ ಚೀಟಿಯಲ್ಲಿ ಒಂದು ರೂಪ, ಇಲ್ಲಿಯ ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಮಗ ತೆಗೆಸಿದ ವಿಮಾನದ ಟಿಕೇಟಿನಲ್ಲಿ ಮತ್ತೊಂದು. ಚೀಟಿಯ ಮೇಲೆ ಊರಿನ ವಿಳಾಸವಿದ್ದರೆ ಬಾಧಕವಿಲ್ಲ, ಅಲ್ಲಿ ನೋಡುವುದು ವ್ಯಕ್ತಿಯ ಗುರುತನ್ನು. ಆದರೆ ಯಾವ ದಾಖಲೆಯನ್ನು ತೋರಿಸಲಿರುವರೋ ಅದರಲ್ಲಿರುವಂತೆಯೇ ಟಿಕೇಟಿನ ಹೆಸರು ಇರಬೇಕು. ಊರಿನ ಪೆಟ್ಟಿಗೆಯಲ್ಲಿ ಉಳಿದ ಚೀಟಿಯನ್ನು ಮೊದಲು ತರಿಸಿ, ಆಮೇಲೆ ಟಿಕೇಟು ತೆಗೆಸುವುದು ಜಾಣತನ. ಕಾಲಾವಕಾಶವಿದ್ದರೆ ಥಾಣೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಾಸ್‌ಪೋರ್ಟನ್ನೇ ಪಡೆದುಕೊಳ್ಳುವುದು ಇನ್ನೂ ಲೇಸು. ಮೊದಲಕ್ಷರಗಳನ್ನು ಅಲ್ಲಿ ಪೂರ್ಣ ಹೆಸರಾಗಿ ಬಿಡಿಸಿ ಬರೆಯಬೇಕಾಗುತ್ತದೆ.

ಮಕ್ಕಳು ಅಮೆರಿಕದಲ್ಲಿ ನೆಲಸಿದ ಮನೆಗಳ ಮಾತು ಬೇರೆ. ರಜೆಗೆ ಬಂದ ಮೊಮ್ಮಗುವನ್ನು ಅಜ್ಜ ಅಜ್ಜಿ ಮುಕ್ತಿನಾಥಕ್ಕೆ ಕರೆದೊಯ್ಯಲು ಬಯಸುವುದು ಸಹಜ. ಆ ಮಗುವಿನ ಕೈಯಲ್ಲಿರುವ ಓ.ಸಿ.ಐ. ಪುಸ್ತಿಕೆ ಭಾರತದ ಪ್ರವೇಶಕ್ಕೆ ಮಾತ್ರ ಸಂಬಂಧಿಸಿದ್ದು. ನೇಪಾಳದ ದೃಷ್ಟಿಯಲ್ಲಿ ಆ ಮಗು ಅಮೆರಿಕದ ಪ್ರಜೆ, ವೀಸಾ ಪಡೆಯಲೇಬೇಕು. ರಸ್ತೆಯಲ್ಲಿ ಹೋದರೆ ಸುನೌಲಿಯಲ್ಲಿರುವ ಭಾರತದ ವಲಸೆ ಕಚೇರಿಯ ಮುದ್ರೆಯನ್ನೂ ಹಾಕಿಸಿಕೊಳ್ಳಬೇಕು. ಅಜ್ಜನ ಜೊತೆಗೆ ಜನಜಂಗುಳಿಯಲ್ಲಿ ನಡೆದು ದಾಟಿಬಿಟ್ಟರೆ ಮರಳುವಾಗ ದೊಡ್ಡ ತಲೆನೋವು.

ಭೂತಾನದ ನಿಯಮ ಇಷ್ಟು ಸಡಿಲವಲ್ಲ. ಭಾರತೀಯರಿಗೆ ಅಲ್ಲಿಯೂ ವೀಸಾ ಇಲ್ಲ, ಆದರೆ ಪ್ರವೇಶದ ಪರವಾನಗಿ ಪಡೆಯಬೇಕು. 2022ರ ಸೆಪ್ಟೆಂಬರ್ 23ರಂದು ಗಡಿಗಳು ಮತ್ತೆ ತೆರೆದಂದಿನಿಂದ ಭಾರತೀಯ ಪ್ರವಾಸಿಗರಿಗೆ ತಲಾ ರಾತ್ರಿಗೆ 1,200 ರೂ. ಶುಲ್ಕವಿದೆ; 6ರಿಂದ 12 ವರ್ಷದ ಮಕ್ಕಳಿಗೆ ಅದರ ಅರ್ಧ. ಪಾಸ್‌ಪೋರ್ಟು ಅಥವಾ ಮತದಾರರ ಚೀಟಿಯನ್ನೇ ಅಲ್ಲಿಯ ಅಧಿಕಾರಿಗಳು ಕೇಳುತ್ತಾರೆ. ಮಕ್ಕಳ ಜನನ ಪ್ರಮಾಣಪತ್ರ ಜೊತೆಯಲ್ಲಿರಲಿ. ಉಳಿದ ನೆರೆದೇಶಗಳಾದ ಶ್ರೀಲಂಕಾ, ಬಾಂಗ್ಲಾದೇಶಗಳಿಗೆ ಪಾಸ್‌ಪೋರ್ಟಿಲ್ಲದೆ ಹೆಜ್ಜೆಯಿಡುವಂತಿಲ್ಲ.

ಇನ್ನು ದೇಹದ ವಿಚಾರ. ಕೈಲಾಸ ಮಾನಸ ಸರೋವರದ ಸರ್ಕಾರಿ ಯಾತ್ರೆಯು 2020ರಿಂದ ನಿಂತಿದ್ದು 2025ರಲ್ಲಿ ಪುನಃ ಆರಂಭವಾಯಿತು. ಅದಕ್ಕೆ ಪಾಸ್‌ಪೋರ್ಟು, ಚೀನಾದ ಅನುಮತಿಗಳಷ್ಟೇ ಸಾಲವು. ವಯಸ್ಸು 18ರಿಂದ 70ರ ಒಳಗಿರಬೇಕು, ಎತ್ತರಕ್ಕೆ ತಕ್ಕ ತೂಕವಿರಬೇಕು, ದಿಲ್ಲಿಯಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮುಕ್ತಿನಾಥಕ್ಕೆ ಹೋಗುವವರನ್ನು ಗಡಿಯಲ್ಲಿ ಯಾವ ವೈದ್ಯರೂ ಪರೀಕ್ಷಿಸುವುದಿಲ್ಲ. ಆ ಹೊಣೆ ಮನೆಯವರದೇ.

ಪೊಖರಾದ ಎತ್ತರ ಸುಮಾರು 800 ಮೀಟರ್. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆಯೊಳಗೆ ಸುಮಾರು 2,700 ಮೀಟರ್ ಎತ್ತರದ ಜೋಮ್‌ಸೋಮ್. ಅಲ್ಲಿಂದ ಜೀಪಿನಲ್ಲಿ ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥ. ಸಮುದ್ರಮಟ್ಟದಲ್ಲಿ ಬಾಳಿದ ಕಲ್ಯಾಣದ ಹಿರಿಯರು ಒಂದೇ ಬೆಳಗಿನಲ್ಲಿ, ಪ್ರಾಣವಾಯು ಇಲ್ಲಿಯ ಮೂರರಲ್ಲಿ ಎರಡು ಪಾಲಿನಷ್ಟೇ ದೊರೆಯುವ ಸ್ಥಳವನ್ನು ಸೇರಿಬಿಡುತ್ತಾರೆ. ಸುಮಾರು 2,500 ಮೀಟರಿನ ಮೇಲೆ ಪರ್ವತವ್ಯಾಧಿ ತಲೆದೋರಬಹುದು. ತಲೆನೋವು, ವಾಕರಿಕೆ, ನಿದ್ರಾಹೀನತೆ ಅದರ ಮೊದಲ ಚಿಹ್ನೆಗಳು. ಕುಳಿತಲ್ಲಿಯೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡುಬಂದರೆ ಅದು ಪ್ರಾಣಾಪಾಯದ ಸೂಚನೆ. ದರ್ಶನ ಮುಗಿಯಲಿ, ಬೆಳಗಾಗಲಿ ಎಂದು ಕಾಯದೆ ರೋಗಿಯನ್ನು ಕೂಡಲೇ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಮೇಲೇರುವ ಮುನ್ನ ಜೋಮ್‌ಸೋಮಿನಲ್ಲಿ ಒಂದೆರಡು ರಾತ್ರಿ ತಂಗುವ ಏರ್ಪಾಡು ಮಾಡಿಕೊಂಡರೆ ದೇಹ ಹೊಂದಿಕೊಳ್ಳುತ್ತದೆ. ಅಸೆಟಜೋಲಮೈಡ್ ಮಾತ್ರೆ ಕೆಲವರಿಗೆ ಉಪಯುಕ್ತ. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ಮುಕ್ತಿನಾಥದ 108 ಧಾರೆಗಳ ನೀರು ಹಿಮದಷ್ಟು ತಣ್ಣಗಿರುತ್ತದೆ. ಹೃದ್ರೋಗ, ರಕ್ತದೊತ್ತಡ ಇರುವವರು ಅದರಡಿ ಓಡಾಡುವುದಕ್ಕಿಂತ ಪ್ರೋಕ್ಷಣೆ ಮಾಡಿಕೊಂಡರೆ ಪುಣ್ಯಕ್ಕೇನೂ ಕೊರತೆಯಾಗದು.

ನಿತ್ಯದ ಔಷಧಗಳನ್ನು ಕೈಚೀಲದಲ್ಲಿಯೇ, ಮೂಲ ಪೊಟ್ಟಣಗಳಲ್ಲಿ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಬೇಕು. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗುವಷ್ಟಿರಲಿ. 2025ರ ಸೆಪ್ಟೆಂಬರಿನಲ್ಲಿ ನೇಪಾಳದ ಗಲಭೆಯಿಂದ ಕಾಠ್ಮಂಡುವಿನ ವಿಮಾನ ನಿಲ್ದಾಣ ಮುಚ್ಚಿದಾಗ ಕರ್ನಾಟಕದ ಯಾತ್ರಿಗಳೂ ಅಲ್ಲಿ ಸಿಕ್ಕಿಕೊಂಡಿದ್ದರು. ಮಧುಮೇಹಿಗಳ ಇನ್ಸುಲಿನ್ ಅಂತಹ ದಿನಗಳಿಗಾಗಿ ಕಾಯುವುದಿಲ್ಲ. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಬಹುತೇಕ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತವೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ವೆಚ್ಚವೆಲ್ಲ ಕೈಯಿಂದಲೇ. ಪ್ರತ್ಯೇಕ ಪ್ರವಾಸ ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ನೇಪಾಳದ ಹೆಸರು, ಎತ್ತರದ ಮಿತಿ, ಮೊದಲೇ ಇರುವ ಕಾಯಿಲೆಗಳ ಷರತ್ತು ಈ ಮೂರನ್ನು ಓದಿ ನೋಡಬೇಕು.

ಹಣದ ವಿಷಯದಲ್ಲಿ 100 ರೂ.ವರೆಗಿನ ಭಾರತೀಯ ನೋಟುಗಳನ್ನೊಯ್ಯುವುದು ಕ್ಷೇಮ. ಅದಕ್ಕಿಂತ ದೊಡ್ಡವನ್ನು ನೇಪಾಳವು 2018ರ ಡಿಸೆಂಬರಿನಲ್ಲಿ ನಿಷೇಧಿಸಿತ್ತು. ತರುವಾಯ ಈ ನಿಯಮದಲ್ಲಿ ಬದಲಾವಣೆಗಳ ಪ್ರಯತ್ನ ನಡೆದಿರುವುದರಿಂದ ಹೊರಡುವ ವಾರದಲ್ಲಿ ವಿಚಾರಿಸಿಕೊಳ್ಳಬೇಕು. ದಾಖಲೆ ಕಳೆದುಹೋದರೆ ಪೊಲೀಸರಲ್ಲಿ ದೂರು ಬರೆಸಿ, ಕಾಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯನ್ನೋ, ಬೀರಗಂಜಿನ ದೂತಾವಾಸವನ್ನೋ ಕಾಣಬೇಕು. ಎಲ್ಲ ಕಾಗದಗಳ ಒಂದು ನಕಲು ಜೊತೆಯವರ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ ಉಳಿದವರ ಬಳಿ ಇದ್ದರೆ ಆ ಕೆಲಸ ಬೇಗ ಆಗುತ್ತದೆ.