ತಮಟೆಯ ಪೆಟ್ಟನ್ನು ಹಿಂಡಬೇಡಿ

ಆಂಡರ್ಸನ್‌ಪೇಟೆಯ ಬೀದಿಗಳಲ್ಲಿ ತಮಟೆಯ ಸದ್ದು ಹೊಸದಲ್ಲ. ತಮಟೆ ಕಲೆಗಾಗಿ ನಮ್ಮ ಸೀಮೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀಯೂ ಬಂತು. ಅದರ ಪೆಟ್ಟುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ ಕೀಬೋರ್ಡಿನಲ್ಲಿ ನುಡಿಸುವ ಸ್ಯಾಂಪಲ್ ಮಾಡಹೊರಟವರಿಗೆ ಮೊದಲು ಸಿಗುವ ಸಲಹೆ, "ಕಂಪ್ರೆಸರ್ ಹಾಕ್ಕೊಂಡೇ ರೆಕಾರ್ಡ್ ಮಾಡು, ಇಲ್ಲಾಂದ್ರೆ ಸೌಂಡ್ ಏಳಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ.

ಕಂಪ್ರೆಸರ್ ಎಂದರೆ ಎಂಪಿ3 ಮಾಡುವುದು ಎಂದುಕೊಂಡವರೂ ಇದ್ದಾರೆ. ಅದು ಫೈಲನ್ನು ಚಿಕ್ಕದು ಮಾಡುವ ಕೆಲಸ. ಕಂಪ್ರೆಸರ್ ತಗ್ಗಿಸುವುದು ಜೋರು ಸದ್ದಿಗೂ ಮೆಲು ಸದ್ದಿಗೂ ನಡುವಿನ ಅಂತರವನ್ನು. ಅನುಪಾತವನ್ನು 4:1 ಎಂದು ಇಟ್ಟರೆ, ನಾವು ಗೊತ್ತುಮಾಡಿದ ಮಿತಿ ದಾಟಿ 8 ಡೆಸಿಬಲ್ ಏರಿದ ಪೆಟ್ಟು 2 ಡೆಸಿಬಲ್ ಮಾತ್ರ ಏರಿ ಹೊರಬರುತ್ತದೆ.

ಸಲಹೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಟೇಪಿನಲ್ಲಿ ಮೆಲು ಸದ್ದು ಟೇಪಿನದೇ 'ಸ್ಸ್' ಎಂಬ ಗದ್ದಲದಲ್ಲಿ ಮುಳುಗುತ್ತಿತ್ತು. ಡಿಜಿಟಲ್ ರೆಕಾರ್ಡಿಂಗಿನಲ್ಲಿ ಹಾಗಲ್ಲ: 16 ಬಿಟ್‌ನಲ್ಲಿ ಮೆಲು ಸದ್ದಿಗೂ ಜೋರು ಸದ್ದಿಗೂ ನಡುವೆ ಸಿಗುವ ಹರವು ಸುಮಾರು 96 ಡೆಸಿಬಲ್. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಹಾಗಾಗಿ ಇಂದು ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12ರ ಹತ್ತಿರ ನಿಂತರೂ ನಷ್ಟವಿಲ್ಲ. ಗೇನ್ ಇಳಿಸಿ, ಅಷ್ಟೇ.

"ಸದ್ದು ಒಡೆಯದಂತೆ ಕಂಪ್ರೆಸರ್ ಕಾಯುತ್ತದೆ" ಎಂಬ ನಂಬಿಕೆ ಇನ್ನೂ ಗಟ್ಟಿ. ಆದರೆ ಬೆಂಕಿಗೆ ಕಾಯಿಸಿ ಬಿಗಿಯಾದ ತಮಟೆಯ ಪೆಟ್ಟು ಒಂದೆರಡು ಮಿಲಿಸೆಕೆಂಡಿನಲ್ಲೇ ಶಿಖರ ಮುಟ್ಟುತ್ತದೆ. ಕಂಪ್ರೆಸರ್ ಎಚ್ಚರಗೊಳ್ಳಲು 10 ಮಿಲಿಸೆಕೆಂಡ್ ಇಟ್ಟಿದ್ದರೆ ಮೊದಲ ಏಟು ಹಿಡಿತ ಬೀಳುವ ಮುನ್ನವೇ ದಾಟಿಹೋಗಿರುತ್ತದೆ. ಕಂಪ್ಯೂಟರಿನೊಳಗಿನ ಪ್ಲಗಿನ್ ಆದರಂತೂ ತಡವೇ ಸರಿ: ಒಡೆದ ಸದ್ದು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲೇ ಒಡೆದಿರುತ್ತದೆ.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಮೆಲ್ಲಗೆ ತಟ್ಟಿದ್ದು, ಮಧ್ಯಮ, ಗಟ್ಟಿ ಎಂದು ಪದರ ಪದರವಾಗಿ ಸ್ಯಾಂಪಲ್ ತೆಗೆಯುವುದೇ ಕೈಯ ಬಲದ ವ್ಯತ್ಯಾಸ ಉಳಿಸಲು. ಕಂಪ್ರೆಸರ್ ಹಾಕಿದರೆ ಪದರಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ತಗ್ಗಿದ ಸದ್ದನ್ನು ಮತ್ತೆ ಏರಿಸಿದಾಗ ಪೆಟ್ಟಿನ ಬಾಲದ ಜೊತೆ ಫ್ಯಾನಿನ ಗುಂಯ್, ರಸ್ತೆಯ ಆಟೊ ಸದ್ದೂ ಮೇಲೆದ್ದು ಬರುತ್ತವೆ. ರೆಕಾರ್ಡ್ ಮಾಡುವಾಗಲೇ ಹಿಂಡಿದ್ದನ್ನು ಮತ್ತೆ ಬಿಡಿಸಿ ತೆಗೆಯುವ ದಾರಿಯಿಲ್ಲ. ಹಾಡಿಗೆ ಕಂಪ್ರೆಸರ್ ಬೇಕೆನಿಸಿದರೆ ಆಮೇಲೆ ಹಾಕಬಹುದು, ಬೇಡವೆನಿಸಿದರೆ ತೆಗೆಯಬಹುದು.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರು ಇನ್ನೊಂದು ನೋಡಬೇಕು: ಅನೇಕ ಫೋನ್‌ಗಳು ಸದ್ದಿನ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ಅದನ್ನು ನಿಲ್ಲಿಸಬಲ್ಲ ಆ್ಯಪ್ ಬಳಸಿ, ವೇವ್ ಫೈಲಾಗಿ ಉಳಿಸಿಕೊಳ್ಳಿ. ಜಾಗದ ಚಿಂತೆ ಬೇಡ. 48 ಕಿಲೋಹರ್ಟ್ಸ್, 24 ಬಿಟ್ ಮೊನೊ ರೆಕಾರ್ಡಿಂಗ್ ನಿಮಿಷಕ್ಕೆ ಒಂಬತ್ತು ಎಂಬಿಯನ್ನೂ ಮುಟ್ಟುವುದಿಲ್ಲ.