ಗಿಳಿ ಸೋವುವ ಕೆಲಸದ ಬೆಲೆ: ಗೋವೆಯ ನೆಪದಲ್ಲಿ ಹಕ್ಕಿ ಓಡಿಸುವ ಮಾರುಕಟ್ಟೆಯ ಕುರಿತು

ಕನ್ನಡ ಎಂ.ಎ. ಓದುವವರು ಹಕ್ಕಿ ಓಡಿಸುವ ಯಂತ್ರ, ಔಷಧಿಗಳ ಜಾಗತಿಕ ಮಾರುಕಟ್ಟೆ ಬಗ್ಗೆ ಯಾಕೆ ಮಾತಾಡಬೇಕು ಅಂತ ಕೆಲವರಿಗೆ ಅನ್ನಿಸಿರಬಹುದು. ನಾನು ಈ ವಿಷಯಕ್ಕೆ ಬಂದಿದ್ದು ಒಂದು ಕ್ರಿಯಾಪದದ ಮೂಲಕ: ಸೋವು. ನಮ್ಮ ಚಂಪೂ ಕಾವ್ಯಗಳ ನಾಡವರ್ಣನೆಯಲ್ಲಿ ಮಾಗಿದ ಕೆಯ್, ಹಿಂಡಾಗಿ ಇಳಿಯುವ ಗಿಳಿ, ಅವನ್ನು ಸೋವುವ ಪಾಮರಿಯರು, ಈ ಮೂರೂ ಒಟ್ಟಿಗೇ ಬರುತ್ತವೆ. ಕಾಳಿದಾಸನ ರಘುವಂಶದಲ್ಲಿ ಕಬ್ಬಿನ ನೆರಳಲ್ಲಿ ಕೂತು ಭತ್ತ ಕಾಯುವ ಹೆಂಗಸರಿದ್ದಾರೆ. ತಮಿಳು ಸಂಗಂ ಕಾವ್ಯದ ಕುರಿಂಜಿ ಪದ್ಯಗಳಲ್ಲಂತೂ ನಾಯಕಿಯ ಕೆಲಸವೇ ನವಣೆ ಹೊಲದಲ್ಲಿ ಗಿಳಿ ಓಡಿಸುವುದು. ಅವಳ ಕೈಯಲ್ಲಿ ಬಿದಿರಿನ ತಟ್ಟೆಯಿದೆ, ಕವಣ್ ಇದೆ. ಕವಣ್ ಅಂದರೆ ನಮ್ಮ ಕವಣೆಯೇ.

ಇದನ್ನು ನಾವು ಶೃಂಗಾರದ ಹಿನ್ನೆಲೆ ಅಂತ ಪಾಠ ಮಾಡುತ್ತೇವೆ. ಆದರೆ ಬೆಳಗಿನಿಂದ ಸಂಜೆವರೆಗೆ ಮಂಚಿಗೆಯ ಮೇಲೆ ಕೂತು ಕೂಗುವುದು ದುಡಿಮೆ. ಬಹಳ ಕಡೆ ಅದು ಹೆಣ್ಣುಮಕ್ಕಳ, ಮುದುಕರ, ಹುಡುಗರ ದುಡಿಮೆ, ಅಂದರೆ ಕೂಲಿ ಲೆಕ್ಕಕ್ಕೆ ಬಾರದ ದುಡಿಮೆ. ಇವತ್ತು ಆ ಜಾಗಕ್ಕೆ ಒಂದು ಸರಕು ಬಂದು ಕೂತಿದೆ.

ಗೋವೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಸಣ್ಣ ರಾಜ್ಯ, ಅಲ್ಲಿ ಗದ್ದೆ, ವಿಮಾನ ನಿಲ್ದಾಣ, ಅಪಾರ್ಟ್‌ಮೆಂಟು ಮೂರೂ ಹತ್ತಿರ ಹತ್ತಿರ. ಮೊದಲು ಗದ್ದೆ. ಖಾಜನ್ ಎಂದರೆ ಒಡ್ಡು ಕಟ್ಟಿ ಹಿನ್ನೀರಿನಿಂದ ಗೆದ್ದುಕೊಂಡ ತಗ್ಗು ಭೂಮಿ. ಅಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಕಾಳು ಹಾಲುಗಟ್ಟುವ ಹೊತ್ತಿಗೆ ರಾಟವಾಳ, ಗೀಜಗ, ಗಿಳಿ ಇಳಿಯುತ್ತವೆ. ಘಟ್ಟದ ಕಡೆಯ ತಾಲೂಕುಗಳಲ್ಲಿ ಇನ್ನೊಂದು ಹಕ್ಕಿ ಸೇರುತ್ತದೆ, ನವಿಲು.

ನವಿಲಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಫೆಬ್ರವರಿಯಲ್ಲಿ ಗೋವೆಯ ಆಗಿನ ಕೃಷಿ ಸಚಿವ ರಮೇಶ್ ತವಡ್ಕರ್, ಬೆಳೆಗೆ ಉಪದ್ರವ ಕೊಡುವ ಪ್ರಾಣಿಗಳ ಪಟ್ಟಿಗೆ ಕೋತಿ, ಕಾಡುಹಂದಿಗಳ ಜೊತೆ ನವಿಲನ್ನೂ ಸೇರಿಸುವ ಯೋಚನೆ ಇದೆ ಅಂದರು. ದೇಶದ ತುಂಬಾ ಗದ್ದಲವಾಯಿತು. ರಾಷ್ಟ್ರಪಕ್ಷಿ, ಸುಬ್ರಹ್ಮಣ್ಯನ ವಾಹನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲನೇ ಅನುಸೂಚಿಯ ಜೀವ. ನವಿಲು ಈಗಲೂ ಅಲ್ಲೇ ಇದೆ. ಗದ್ದಲದಲ್ಲಿ ನವಿಲಿನ ಸೌಂದರ್ಯದ ಬಗ್ಗೆ ಬಹಳ ಜನ ಮಾತಾಡಿದರು. ಗುಡ್ಡದ ಓರೆಯಲ್ಲಿ ತರಕಾರಿ ಹಾಕಿದವನು ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಬರಲಿಲ್ಲ. ಕೊಲ್ಲುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ (ಸರಿಯೇ), ಉಳಿದಿದ್ದು ಓಡಿಸುವುದು. ಓಡಿಸಲು ಜನ ಬೇಕು. ಮನೆಯ ಹುಡುಗರು ಓದಿಗೋ ನೌಕರಿಗೋ ಹೋದ ಮೇಲೆ ಜನ ಇಲ್ಲ. ಕಾನೂನು ಬಿಟ್ಟುಕೊಟ್ಟ ಆ ಒಂದು ಸಂದಿಯಲ್ಲೇ ಮಾರುಕಟ್ಟೆ ನಿಂತಿದೆ ಅಂತ ನನ್ನ ವಾದ.

ಅಲ್ಲಿ ಮಾರುವುದೇನು? ಕೆಂಪು-ಬೆಳ್ಳಿ ಹೊಳೆಯುವ ರಿಬ್ಬನ್, ನೈಲಾನ್ ಬಲೆ, ಹದ್ದಿನ ಆಕಾರದ ಗಾಳಿಪಟ, ಗ್ಯಾಸಿನಿಂದ ಢಮ್ ಅನ್ನುವ ಫಿರಂಗಿ, ನೆದರ್‌ಲೆಂಡ್ಸ್‌ನಂಥ ದೇಶಗಳಲ್ಲಿ ತಯಾರಾಗುವ ಲೇಸರ್. ಬಲೆ ಬಿಟ್ಟರೆ ಉಳಿದೆಲ್ಲದಕ್ಕೂ ಒಂದೇ ಕಾಯಿಲೆ: ಹಕ್ಕಿಗೆ ಅಭ್ಯಾಸವಾಗುತ್ತದೆ. ನಮ್ಮ ಬೆದರುಬೊಂಬೆಯದೂ ಅದೇ ಪಾಡು. ಕರಾವಳಿಯಲ್ಲಿ ಅದನ್ನು ಬೆರ್ಚಪ್ಪ ಅನ್ನುತ್ತಾರೆ. ಹಳಗನ್ನಡದ ಬೆರ್ಚು ಅಂದರೆ ಹೆದರು. ಮರಾಠಿಯ ಬುಜಗಾವಣೆಯಲ್ಲೂ ಬೆದರುವ ಅರ್ಥವೇ. ಹೆಸರುಗಳೆಲ್ಲ ಹೆದರಿಕೆಯ ಮೇಲೆ ನಿಂತಿವೆ, ಹಕ್ಕಿ ಮಾತ್ರ ನಾಲ್ಕು ದಿನಕ್ಕೆ ಬೆರ್ಚಪ್ಪನ ತಲೆ ಮೇಲೇ ಕೂರುತ್ತದೆ. ಕವಣೆ ಹಿಡಿದ ಹುಡುಗಿಗೆ ಅಭ್ಯಾಸವಾಗುವುದು ಕಷ್ಟ, ಯಾಕೆಂದರೆ ಅವಳು ಎಲ್ಲಿಂದ, ಯಾವಾಗ ಕೂಗುತ್ತಾಳೆ ಅಂತ ಗೊತ್ತಾಗುವುದಿಲ್ಲ. ದುಬಾರಿ ಯಂತ್ರಗಳು ಸದ್ದನ್ನು ಹಿಂದೆ ಮುಂದೆ ಮಾಡಿ ಅವಳನ್ನೇ ಅನುಕರಿಸಲು ನೋಡುತ್ತವೆ.

ಕೆಲವು ಸರಕು ಶುದ್ಧ ಮೋಸ. ಮನುಷ್ಯರಿಗೆ ಕೇಳಿಸದ, ಹಕ್ಕಿಗೆ ಮಾತ್ರ ಕೇಳಿಸುವ ‘ಅಲ್ಟ್ರಾಸಾನಿಕ್’ ಪೆಟ್ಟಿಗೆ ಅಂತ ಆನ್‌ಲೈನಿನಲ್ಲಿ ಸಿಗುತ್ತದಲ್ಲ, ಅದು. ಮನುಷ್ಯನ ಕಿವಿಯ ಮಿತಿ ಸುಮಾರು 20 ಸಾವಿರ ಹರ್ಟ್ಸ್. ಬಹುತೇಕ ಹಕ್ಕಿಗಳ ಕಿವಿ ಅಷ್ಟು ಮೇಲಕ್ಕೂ ಹೋಗುವುದಿಲ್ಲ. ನಮಗೆ ಕೇಳದ್ದು ಅವಕ್ಕೂ ಕೇಳದು.

ಔಷಧಿಗಳದ್ದು ಇನ್ನೂ ಸ್ವಾರಸ್ಯ. ಮೀಥೈಲ್ ಆಂಥ್ರನಿಲೇಟ್ ಅನ್ನುವುದು ದ್ರಾಕ್ಷಿಯ ಪರಿಮಳ. ಮಿಠಾಯಿ, ಚೂಯಿಂಗ್ ಗಮ್‌ಗಳಿಗೆ ಹಾಕುತ್ತಾರೆ. ನಮಗೆ ಇಷ್ಟ, ಹಕ್ಕಿಗೆ ಅದು ಉರಿ. ಆಂಥ್ರಕ್ವಿನೋನ್ ಬಳಿದ ಬೀಜ ತಿಂದರೆ ಹಕ್ಕಿಗೆ ಹೊಟ್ಟೆ ತೊಳೆಸುತ್ತದೆ, ಮತ್ತೆ ಬರುವುದಿಲ್ಲ. ಖಾರದ್ದು ಇದರ ತಿರುಗಾಮುರುಗ. ಹಕ್ಕಿಗೆ ಖಾರ ತಾಗುವುದೇ ಇಲ್ಲ. ಅದರ ನರದ ಗ್ರಾಹಕ ಮೆಣಸಿನ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ ಅಂತ 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಲೆನಾಡಿನವರಿಗೆ ಇದು ಹೊಸ ಸುದ್ದಿಯಲ್ಲ. ಸೂಜಿಮೆಣಸಿನ ಗಿಡ ತೋಟದಲ್ಲಿ ತಾನಾಗಿ ಹುಟ್ಟಿದರೆ ‘ಹಕ್ಕಿ ಹಾಕಿದ್ದು’ ಅನ್ನುತ್ತಾರೆ. ಪೋರ್ಚುಗೀಸರು ಈ ಕರಾವಳಿಗೆ ತಂದ ಮೆಣಸಿನಕಾಯಿ ಒಳನಾಡಿಗೆ ಹಬ್ಬಿದ್ದರಲ್ಲಿ ವ್ಯಾಪಾರಿಗಳ ಜೊತೆ ಹಕ್ಕಿಗಳ ಪಾಲೂ ಇದ್ದೀತು; ಇದು ನನ್ನ ಊಹೆ. ಮೆಣಸಿನಪುಡಿಯ ‘ಪಕ್ಷಿನಿವಾರಕ’ ಕೊಳ್ಳುವವರು ಮಾತ್ರ ಹಕ್ಕಿಗೆ ಒಗ್ಗರಣೆ ಹಾಕಿಕೊಟ್ಟ ಹಾಗೆ.

ದೊಡ್ಡ ದುಡ್ಡು ಇರುವುದು ಗದ್ದೆಯಲ್ಲಲ್ಲ, ರನ್‌ವೇಯಲ್ಲಿ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಹಕ್ಕಿ ಬಡಿದ ನಂತರ ಅಪಘಾತಕ್ಕೀಡಾಗಿ 179 ಜನ ಸತ್ತರು. ಆದ್ದರಿಂದ ಇದನ್ನು ವ್ಯಂಗ್ಯವಾಗಿ ನೋಡುವ ಹಾಗಿಲ್ಲ. ಗೋವೆಯಲ್ಲಿ ನೌಕಾಪಡೆಯ ದಾಬೋಳಿ ಇದೆ. 2023ರ ಜನವರಿ 5ರಿಂದ ಪೆರ್ನೆಮ್ ತಾಲೂಕಿನ ಮೋಪಾ ಪ್ರಸ್ಥಭೂಮಿಯಲ್ಲಿ ಎರಡನೆಯದೂ ಹಾರಾಟ ಶುರುಮಾಡಿತು. ಪರಿಸರದ ಮಾಹಿತಿಯಲ್ಲಿ ಲೋಪವಿದೆ ಅಂತ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ಯೋಜನೆಯ ಅನುಮತಿಯನ್ನು ತಡೆಹಿಡಿದು, 2020ರ ಜನವರಿಯಲ್ಲಿ ಷರತ್ತುಗಳೊಂದಿಗೆ ಬಿಟ್ಟಿತ್ತು. ಮೊದಲು ಹಕ್ಕಿಯ ಜಾಗಕ್ಕೆ ನಾವು ಹೋಗುವುದು, ಆಮೇಲೆ ಓಡಿಸುವ ಯಂತ್ರಕ್ಕೆ ಟೆಂಡರು.

ವಿಮಾನ ನಿಯಮಗಳ (1937) 91ನೇ ನಿಯಮದ ಪ್ರಕಾರ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಕ್ಕಿ ಸೇರುವ ಹಾಗೆ ಪ್ರಾಣಿವಧೆ ಮಾಡುವಂತಿಲ್ಲ, ಕಸ ಸುರಿಯುವಂತಿಲ್ಲ. ಬೆಂಗಳೂರಿನವರಿಗೆ ಇದು ಗೊತ್ತು: ಏರೋ ಇಂಡಿಯಾ 2025ಕ್ಕೆ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ ಮಾರಾಟ ಬಂದ್. ಹದ್ದು ಬರಬಾರದು ಅಂತ. ಸುಮಾರು ನಾಲ್ಕು ವಾರ ಅಂಗಡಿ ಮುಚ್ಚಿದ ಕುರಿ-ಕೋಳಿ ವ್ಯಾಪಾರಿಯ ನಷ್ಟ ಯಾವ ಮಾರುಕಟ್ಟೆ ವರದಿಯಲ್ಲೂ ‘ಪಕ್ಷಿ ನಿಯಂತ್ರಣದ ವೆಚ್ಚ’ ಅಂತ ಬರುವುದಿಲ್ಲ. ಪಾಮರಿಯ ದುಡಿಮೆಯೂ ಹಾಗೇ ಲೆಕ್ಕದಿಂದ ಹೊರಗಿತ್ತು. ಕವಿ ಅವಳ ಕೊರಳ ಇಂಪು ನೋಡಿದ, ಗಂಟಲು ಕಟ್ಟಿದ್ದು ನೋಡಲಿಲ್ಲ.

ಅಪಾರ್ಟ್‌ಮೆಂಟಿನ ಪಾರಿವಾಳ ಬಲೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಬಾಲ್ಕನಿಯಲ್ಲೇ ಇರುತ್ತದೆ. ಬಲೆ ಹಕ್ಕಿಯನ್ನು ಕಡಿಮೆ ಮಾಡುವುದಿಲ್ಲ, ಬಲೆ ಹಾಕಿಸಲಾಗದ ಪಕ್ಕದ ಮನೆಗೆ ಕಳಿಸುತ್ತದೆ, ಅಷ್ಟೆ.

ಮಾತಿನ ಕೊನೆಗೆ ವಿಭಾಗದ ಅಧ್ಯಾಪಕರೊಬ್ಬರು, ‘ಹಾಗಾದರೆ ಯಂತ್ರ ಬೇಡ, ಹುಡುಗಿಯರು ಮತ್ತೆ ಮಂಚಿಗೆ ಹತ್ತಲಿ ಅಂತೀರಾ?’ ಎಂದು ಕೇಳಿದರು. ಇಲ್ಲ ಸರ್. ಹುಡುಗಿ ಶಾಲೆಗೇ ಹೋಗಲಿ. ನನ್ನ ಪ್ರಶ್ನೆ ಕೂಲಿಯದು. ಬೆಳೆಹಾನಿಗೆ ಪರಿಹಾರ ಕೊಡುವಾಗ, ಕಾಳು ಹಾಲುಗಟ್ಟಿದಾಗಿನಿಂದ ಕೊಯ್ಲಿನವರೆಗೆ ಕಾಯುವವರ ದಿನಗೂಲಿಯನ್ನು ಸಾಗುವಳಿ ಖರ್ಚಿಗೆ ಸೇರಿಸಲಿ. ಆಮೇಲೆ ಜನ ಇಡಬೇಕೋ ರಿಬ್ಬನ್ ಕಟ್ಟಬೇಕೋ ರೈತ ನೋಡಿಕೊಳ್ಳುತ್ತಾನೆ. ಇನ್ನು ಗುಬ್ಬಿಗೆ ಅಂತ ಬಾಗಿಲಿಗೆ ಭತ್ತದ ತೆನೆ ತೋರಣ ಕಟ್ಟುವ ಪದ್ಧತಿ ನಮ್ಮಲ್ಲಿದೆ, ಅದನ್ನು ಯಾಕೆ ಹೇಳಲಿಲ್ಲ ಅಂತ ಸಹಪಾಠಿಯೊಬ್ಬರು ಕೇಳಿದರು. ಹೇಳಬಹುದಿತ್ತು. ಆದರೆ ಆ ತೋರಣ ಕಟ್ಟುವುದು ಕೊಯ್ಲು ಮುಗಿದ ಮೇಲೆ.