ಸ್ತನದ ಕ್ಯಾನ್ಸರು ಮತ್ತು ಕಂದುಬಣ್ಣದ ಸಾಕ್ಷ್ಯ

ಗಿರಾಕಿಯ ಆರ್ಡರನ್ನು ಮಾಣಿಯು ಅಡಿಗೆಮನೆಗೆ ಮುಟ್ಟಿಸದಿದ್ದರೆ ಕಾವಲಿಯ ಮೇಲೆ ದೋಸೆ ಬೀಳದು. ಸ್ತ್ರೀಶರೀರದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಆಜ್ಞೆಯನ್ನು ಜೀವಕೋಶದೊಳಗೆ ಮುಟ್ಟಿಸುವ ಇಂಥದೇ ಮಾಣಿಯೊಂದುಂಟು. ಶಾಸ್ತ್ರಜ್ಞರು ಅದನ್ನು ಗ್ರಾಹಿಯೆನ್ನುವರು. ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಅವರು 1958ರಲ್ಲಿ ಇದರ ಇರವನ್ನು ಕಂಡುಹಿಡಿದರು.

ಸ್ತನದ ಕ್ಯಾನ್ಸರುಗಳಲ್ಲಿ ಅನೇಕವು ಈ ಗ್ರಾಹಿಯ ಮೂಲಕ ಬೆಳೆಯುವುವು. ಕೆಲವು ಅದರ ಹಂಗಿಲ್ಲದೆಯೇ ಬೆಳೆಯುವುವು. ಬರಿಗಣ್ಣಿಗೆ ಈ ಭೇದ ಕಾಣದು.

ಪರಕೀಯ ವಸ್ತುವನ್ನು ಗುರುತಿಸಿ ಹಿಡಿಯಲು ಶರೀರವು ನಿರ್ಮಿಸುವ ಪ್ರೋಟೀನಿಗೆ ಪ್ರತಿಕಾಯವೆಂದು ಹೆಸರು. ಈ ಗ್ರಾಹಿಯನ್ನೇ ಅರಸಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಜೆಫ್ರಿ ಗ್ರೀನ್, ಜೆನ್ಸನ್ ಮತ್ತು ಸಂಗಡಿಗರು 1980ರಲ್ಲಿ ವರದಿಮಾಡಿದರು. ಗಂಟಿನಿಂದ ಕೊಯ್ದ ತೆಳುಪದರಿಗೆ ಇಂಥ ಪ್ರತಿಕಾಯವನ್ನು ಹಾಕಿ ಬಣ್ಣಗಟ್ಟಿಸಿದರೆ, ಗ್ರಾಹಿಯಿರುವ ಕೋಶಕೇಂದ್ರಗಳು ಸೂಕ್ಷ್ಮದರ್ಶಕದಡಿ ಕಂದಾಗಿ ತೋರುವುವು.

ಕಂದುಬಣ್ಣ ಕಂಡರೆ ಟಾಮೊಕ್ಸಿಫೆನ್‌ನಂಥ ಗುಳಿಗೆ ಫಲಿಸುವ ಸಂಭವವುಂಟು. ಅದು ಗ್ರಾಹಿಗೆ ಹತ್ತಿಕೊಂಡು ಹಾರ್ಮೋನಿನ ಆಜ್ಞೆಯನ್ನು ತಡೆಯುವುದು. ಕಾಣದಿದ್ದರೆ ಆ ಗುಳಿಗೆ ವ್ಯರ್ಥ. ಬೇರೆ ಚಿಕಿತ್ಸೆಯೇ ಬೇಕು.

ಊರಿನಿಂದ ತಾಯಿಯನ್ನೋ ಅಕ್ಕನನ್ನೋ ಈ ವ್ಯಾಧಿಯ ಚಿಕಿತ್ಸೆಗಾಗಿ ಮುಂಬಯಿಗೆ ಕರೆತರುವ ಬಂಧುಗಳು, “ಇ.ಆರ್. ಪರೀಕ್ಷೆಯ ವರದಿ ಏನೆಂದಿದೆ?” ಎಂದು ವೈದ್ಯರನ್ನು ಕೇಳಲು ಸಂಕೋಚಪಡಬಾರದು.